ಕಳಿಸುವವರಿಗೂ ಪಡೆಯುವವರಿಗೂ ಏನು ಸಂಬಂಧ?

ಜರ್ಮನಿಯ ಎರ್ಲಾಂಗೆನ್‌ಗೆ ಬಂದ ಮೊದಲ ಕೆಲವು ವರ್ಷ ನಾವು ಊರಿಗೆ ದುಡ್ಡು ಕಳಿಸುತ್ತಿರಲಿಲ್ಲ, ಅದಲುಬದಲು ಮಾಡುತ್ತಿದ್ದೆವು. ನನಗೆ ಧಾರವಾಡದಲ್ಲಿ ರೂಪಾಯಿ ಬೇಕು. ಇಲ್ಲಿ ಓದುತ್ತಿರುವ ಇನ್ಯಾರದೋ ಮಗಳಿಗೆ ಯೂರೋ ಬೇಕು. ನಾನು ಇಲ್ಲಿ ಆ ಹುಡುಗಿಯ ಖಾತೆಗೆ ಯೂರೋ ಹಾಕಿದರೆ ಅವಳಪ್ಪ ಅಲ್ಲಿ ನನ್ನ ಅವ್ವನ ಕೈಗೆ ರೂಪಾಯಿ ಕೊಡುತ್ತಾನೆ. ದುಡ್ಡು ಗಡಿ ದಾಟುವುದೇ ಇಲ್ಲ, ನಡುವೆ ನಿಂತು ಕಮಿಷನ್ ಮುರಿದುಕೊಳ್ಳುವವರೂ ಇಲ್ಲ. ಇಷ್ಟು ಚಂದದ ಉಪಾಯ ಕಾನೂನಿಗೆ ಒಪ್ಪಿಗೆಯಾಗದಿರಬಹುದು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಎಲ್ಲರೂ ದೊಡ್ಡ ದೊಡ್ಡ ಡಿಗ್ರಿಯವರೇ.

ಜೋಡಿ ಕೂಡಿಸುವ ಕೆಲಸ ನಮ್ಮ ಕನ್ನಡ ಕೂಟದ ಖಜಾಂಚಿಯದು. ಮೈಸೂರಿನವರು, ಸಾಫ್ಟ್‌ವೇರ್ ಕೆಲಸ, ಭಾನುವಾರ ಕೂಡ ಇಸ್ತ್ರಿ ಮಾಡಿದ ಅಂಗಿ. ತಿಂಗಳ ಮೊದಲ ಶನಿವಾರ ಒಂದು ಚರ್ಚಿನ ಹಾಲ್ ಬಾಡಿಗೆಗೆ ಹಿಡಿದು ಎಲ್ಲರೂ ಸೇರುತ್ತಿದ್ದೆವು. ಬಿಸಿಬೇಳೆಬಾತ್ ಮುಗಿದು ಕಾಫಿಯ ಫ್ಲಾಸ್ಕು ತೆರೆಯುವ ಹೊತ್ತಿಗೆ ಅವರು ಗಂಟಲು ಸರಿಪಡಿಸಿಕೊಂಡು ನಿಲ್ಲುವರು. "ಧಾರವಾಡಕ್ಕೆ ಯಾರ್ರೀ ಇದೀರಾ? ದಾವಣಗೆರೆ? ಸ್ವಲ್ಪ ಬೇಗ ಹೇಳಿ, ಹಾಲ್ ಖಾಲಿ ಮಾಡ್ಬೇಕು." ಬಸ್ ನಿಲ್ದಾಣದಲ್ಲಿ ಸೀಟು ತುಂಬಿಸುವ ಏಜೆಂಟನ ಧಾಟಿಯೇ. ಜೋಡಿ ಕೂಡಿದವರು ಹಾಲ್ ಬಾಡಿಗೆಗೆಂದು ಒಂದು ಬಿಸ್ಕೆಟ್ ಡಬ್ಬಿಗೆ ಎರಡೆರಡು ಯೂರೋ ಹಾಕಬೇಕು. ಅದಕ್ಕೂ ಆ ಮನುಷ್ಯ ರಸೀದಿ ಕೊಡುತ್ತಿದ್ದರು, ಕೂಟದ ಮೊಹರು ಒತ್ತಿ. ಈ ದೇಶದಲ್ಲಿ ರಸೀದಿ ಇದ್ದರೆ ಯಾವ ಭಯವೂ ಇಲ್ಲ ಎಂಬುದು ಅವರ ನಂಬಿಕೆ. ನಾವು ನಕ್ಕರೂ ರಸೀದಿಯನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದೆವು.

ನನ್ನ ಅವ್ವನಿಗೆ ಧಾರವಾಡದಲ್ಲಿ ಒಂದು ಖಾನಾವಳಿ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಕೆಳಗೆ ಅಡುಗೆ, ಮೇಲೆ ಮನೆ. ಜೋಳದ ರೊಟ್ಟಿ, ಬದನೆಯ ಎಣ್ಣೆಗಾಯಿ, ಕಾಳಿನ ಪಲ್ಲೆ, ಶೇಂಗಾ ಚಟ್ನಿ. ಖಾನಾವಳಿ ಎಂದರೆ ಲಾಭ ಎಂದುಕೊಂಡವರು ಅವಳನ್ನು ನೋಡಿಲ್ಲ. ಉಣ್ಣುವವರಲ್ಲಿ ಅರ್ಧ ಜನ ಕಾಲೇಜು ಹುಡುಗರು, ಅವರಲ್ಲಿ ಅರ್ಧ ಜನಕ್ಕೆ ತಿಂಗಳ ಕೊನೆಗೆ ಮನೆಯಿಂದ ದುಡ್ಡು ಬಂದಿರುತ್ತಿರಲಿಲ್ಲ. "ಉಣ್ಣೂ ಮುಂದ ರೊಕ್ಕದ ಮಾತ್ ಆಡಬಾರದವಾ," ಎನ್ನುವಳು ಅವ್ವ. ಉಂಡ ಮೇಲೂ ಆಡುತ್ತಿರಲಿಲ್ಲ. ಅವಳ ಗಿರಾಕಿಗಳು ಹೆಚ್ಚಿದಷ್ಟೂ ಇಲ್ಲಿ ನನ್ನ ಸಂಬಳ ಕರಗುತ್ತಿತ್ತು. ಬ್ಯಾಂಕಿಗೆ ಹಾಕುತ್ತೇನೆ ಎಂದರೆ ಬೇಡ. ಸರದಿಯಲ್ಲಿ ನಿಂತರೆ ರೊಟ್ಟಿ ಬಡಿಯುವವರು ಯಾರು ಎಂದು ನನ್ನನ್ನೇ ಕೇಳುವಳು. ಹಾಗಾಗಿ ಅವಳಿಗೆ ಕೈಗೇ ಕೊಡುವವರು ಬೇಕಿತ್ತು.

ಖಜಾಂಚಿ ನನಗೆ ಕೂಡಿಸಿದ ಜೋಡಿ ಗದಗಿನ ಒಬ್ಬ ಬಸ್ ಕಂಡಕ್ಟರು. ಗದಗ–ಧಾರವಾಡ ಬಸ್ಸಿನಲ್ಲೇ ಡ್ಯೂಟಿ. ಮಗಳು ಎರ್ಲಾಂಗೆನ್‌ನಲ್ಲಿ ಎಂ.ಎಸ್. ಮಾಡುತ್ತಿದ್ದಳು, ಸೊಸೈಟಿಯಲ್ಲಿ ಸಾಲ ತೆಗೆದು ಓದಿಸುತ್ತಿದ್ದರು. ದಿನಾ ನಮ್ಮ ಓಣಿಯ ಪಕ್ಕದಲ್ಲೇ ಬಂದು ಹೋಗುವವರು ದುಡ್ಡನ್ನು ಮಾತ್ರ ವಾರದ ರಜೆಯ ದಿನವೇ ತರುತ್ತಿದ್ದರು. ಡ್ಯೂಟಿಯ ಮೇಲಿದ್ದಾಗ ಕಂಡಕ್ಟರ್ ತನ್ನ ಹತ್ತಿರ ಇರುವ ಸ್ವಂತ ದುಡ್ಡನ್ನು ಮೊದಲೇ ಬರೆಸಬೇಕು, ಹೆಚ್ಚು ಸಿಕ್ಕರೆ ಚೆಕ್ಕಿಂಗಿನವರು ಟಿಕೆಟ್ಟಿನ ದುಡ್ಡು ನುಂಗಿದ್ದೀಯಾ ಎನ್ನುತ್ತಾರೆ. ಇದು ನನಗೆ ಅವ್ವನಿಂದಲೇ ಗೊತ್ತಾದದ್ದು.

ಅವರು ಮೊದಲ ಸಲ ಬಂದ ದಿನದ ಕಥೆಯನ್ನು ಅವ್ವ ಫೋನಿನಲ್ಲಿ ಎಷ್ಟು ಸಲ ಹೇಳಿದ್ದಾಳೋ. "ಮಟಮಟ ಮಧ್ಯಾಹ್ನ. ಬಿಳೇ ಅಂಗಿ, ಕೈಯಾಗ ಒಂದ್ ಚೀಲ. ಯಾರಪಾ ನೀ ಅಂದೆ. ಜರ್ಮನಿ ರೊಕ್ಕ ತಂದೇನ್ರೀ ಅವ್ವಾರ ಅಂದಾ. ಹೌದಾ, ಮೊದ್ಲ ಕೈ ತೊಳ್ಕೋ ಅಂದೆ." ಅವರು ಉಂಡು ಎದ್ದು ಊಟದ ದುಡ್ಡು ಕೊಡಲು ಹೋದರಂತೆ. ಮನೆತನಕ ಬಂದವನು ಊಟಕ್ಕೆ ದುಡ್ಡು ಕೊಡುವುದೆಂದರೇನು ಎಂದು ಅವ್ವ ಜಗಳವನ್ನೇ ತೆಗೆದಳಂತೆ.

ಮುಂದೆ ಅವರು ಬರೀ ದುಡ್ಡು ಕೊಟ್ಟು ಹೋಗುವವರಾಗಿ ಉಳಿಯಲಿಲ್ಲ. ಗದಗಿನ ಸಂತೆಯಿಂದ ಬ್ಯಾಡಗಿ ಮೆಣಸಿನಕಾಯಿ ತಂದರು. ಸೋರುವ ನಲ್ಲಿಗೆ ವಾಷರ್ ಹಾಕಿದರು. ಅವ್ವನ ಫೋನು ಮೊದಲೆಲ್ಲ ಎರಡೇ ಮಾತು, ಉಂಡಿಯೇನು, ಸೀತ ಆಗೇತೇನು. ಈಗ ಸುದ್ದಿಯೇ ಸುದ್ದಿ. ಯಾವ ಬಸ್ಸು ಎಲ್ಲಿ ಕೆಟ್ಟು ನಿಂತಿತು, ಅಣ್ಣಿಗೇರಿಯಲ್ಲಿ ಹತ್ತಿದ ಯಾವ ಮುದುಕಿ ಟಿಕೆಟ್ ತೆಗೆಯದೆ ಕಂಡಕ್ಟರನನ್ನೇ ದಬಾಯಿಸಿದಳು. ಇಲ್ಲಿ ಕಿಟಕಿಯ ಹೊರಗೆ ನಾಲ್ಕಕ್ಕೇ ಕತ್ತಲಾಗುವ ಚಳಿಗಾಲ. ನಾನು ಫೋನನ್ನು ಸ್ಪೀಕರಿಗೆ ಹಾಕಿ ಪಾತ್ರೆ ತೊಳೆಯುತ್ತ ಕೇಳುವೆ. ಅವ್ವ ಫೋನ್ ಮಾಡುತ್ತಿದ್ದುದು ಶನಿವಾರಗಳಂದು. ನನಗೆ ಅವು ಬಹಳ ಬೇಕಾದ ದಿನಗಳಾಗಿದ್ದವು.

ಇತ್ತ ಅವರ ಮಗಳು ಕೂಟದಲ್ಲಿ ಪರಿಚಯವಾದ ಮೇಲೆ ಸೈಕಲ್ ತುಳಿದುಕೊಂಡು, ಮೂಗು ಕೆಂಪಾಗಿ, ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದಳು. ನನ್ನನ್ನು 'ಕಾಕು' ಎನ್ನುವಳು. ಕಾಕು ಎಂದರೆ ಚಿಕ್ಕಮ್ಮ; ನಮ್ಮ ಕಡೆ ತಮ್ಮ ಅವ್ವನ ವಯಸ್ಸಿಗೆ ಹತ್ತಿರದ ಯಾವ ಹೆಂಗಸನ್ನಾದರೂ ಹೀಗೆ ಕರೆಯಬಹುದು. ನಾನು ಅವಳನ್ನು 'ಕೂಸ' ಎನ್ನುವೆ. ನನ್ನ ಹೆಸರನ್ನು ಅವಳು ಎಂದೂ ಕೇಳಲಿಲ್ಲ. ಕೇಳುವುದೇಕೆ? ಫೋನಿನಲ್ಲೂ ನಾನು 'ರೊಟ್ಟಿ ಕಾಕು' ಎಂದೇ ಇದ್ದೆ. ನನಗೂ ಒಂದು ಹೆಸರಿದೆ, ಪಾಸ್‌ಪೋರ್ಟಿನಲ್ಲಿ. ನನ್ನದು, ಅಪ್ಪನದು, ಅಡ್ಡಹೆಸರು, ಎಲ್ಲ ಸೇರಿ ಗೂಡ್ಸ್ ಗಾಡಿಯಷ್ಟು ಉದ್ದ. ಇಲ್ಲಿಯ ಟಪಾಲು ಪೆಟ್ಟಿಗೆಯ ಚೀಟಿಯಲ್ಲಿ ಅದು ಹಿಡಿಸುವುದಿಲ್ಲ. ಬ್ಯಾಂಕಿನಲ್ಲಿ ಮಾತ್ರ ಪೂರಾ ಇರುತ್ತದೆ.

ಒಂದು ದಿನ ಆ ಹುಡುಗಿ ಹೊಸ ಕಾರ್ಡ್ ಪಡೆಯಲು ತನ್ನ ಬ್ಯಾಂಕಿಗೆ ಹೋದಳು. ಕೌಂಟರಿನವರು ಪರದೆ ನೋಡುತ್ತ, ಪ್ರತಿ ತಿಂಗಳು ಬರುವ ಈ ಹಣ ಏನು ಎಂದು ಕೇಳಿದರು. "ನನ್ನ ಅಪ್ಪ ಕಳಿಸುವುದು, ಇಂಡಿಯಾದಿಂದ," ಎಂದಳು. ಹಣ ಎರ್ಲಾಂಗೆನ್‌ನಿಂದಲೇ ಬರುತ್ತಿದೆಯಲ್ಲ, ಇಂಥವರು ಹಾಕುತ್ತಿದ್ದಾರಲ್ಲ ಎಂದು ಅವರು ನನ್ನ ಗೂಡ್ಸ್ ಗಾಡಿಯನ್ನು ತೋರಿಸಿದರು. ಹುಡುಗಿ ಎರಡೆರಡು ಸಲ ಓದಿದಳು. ಜೋಡಿಯ ಮಾತೆಲ್ಲ ಖಜಾಂಚಿ ಮತ್ತು ಅಪ್ಪನ ನಡುವೆಯೇ ಆಗಿತ್ತು, ಕೂಟದ ಕಡೆಯಿಂದ ಯಾರೋ ಹಾಕುತ್ತಾರೆ ಎಂದಷ್ಟೇ ಅವಳಿಗೆ ಗೊತ್ತಿದ್ದದ್ದು. "ಈ ಹೆಸರಿನವರು ಯಾರೂ ನನಗೆ ಗೊತ್ತಿಲ್ಲ," ಎಂದಳು.

ಮರುದಿನ ಅಂಗಡಿಯಲ್ಲಿ ಅವಳ ಕಾರ್ಡ್ ನಡೆಯಲಿಲ್ಲ. ಖಾತೆಯನ್ನು ತಡೆಹಿಡಿದಿದ್ದರು.

ಬರೀ ಹಾಲು ಬ್ರೆಡ್ಡಿನ ಪ್ರಶ್ನೆಯಾಗಿದ್ದರೆ ನಾನೇ ಸುಧಾರಿಸುತ್ತಿದ್ದೆ. ಅವಳ ವೀಸಾ ಮುಗಿಯುತ್ತ ಬಂದಿತ್ತು. ವಿದೇಶಿಯರ ಕಚೇರಿಯ 'ಟೆರ್ಮಿನ್', ಅಂದರೆ ಭೇಟಿಗೆ ಕೊಟ್ಟ ದಿನ, ಹತ್ತಿರದಲ್ಲೇ ಇತ್ತು. ಅಲ್ಲಿ ಓದು ಮುಗಿಯುವ ತನಕ ತಾನು ಬದುಕಬಲ್ಲೆ ಎಂದು ಖಾತೆ ತೋರಿಸಬೇಕು. ಖಾತೆ ತೆರೆಯದಿದ್ದರೆ ವೀಸಾ ಇಲ್ಲ. ವೀಸಾ ಇಲ್ಲದಿದ್ದರೆ ಅರ್ಧ ಓದು, ಪೂರಾ ಸಾಲ, ಗದಗಿನ ದಾರಿ.

ಹುಡುಗಿ ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತಳು. "ಯಾರಿಕಿ ಕಾಕು, ನನ್ನ ಅಕೌಂಟಿಗಿ ರೊಕ್ಕ ಹಾಕಾಕಿ? ಇಕಿ ಕಾಲಾಗ ನಾ ಊರಿಗಿ ಹೋಗೂ ಹಂಗಾತು," ಎನ್ನುತ್ತ ಬರೆದುಕೊಂಡು ಬಂದ ಹೆಸರನ್ನು ನನ್ನ ಮುಂದೆ ಹಿಡಿದಳು.

"ಅಕಿ ನಾನ ಅಲ್ಲೇನ ಕೂಸ!" ಎಂದೆ.

ಅವಳು ಅಳುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಇಬ್ಬರಿಗೂ ತಡೆಯಲಾರದ ನಗು ಬಂತು. ನಕ್ಕು ಮುಗಿದ ಮೇಲೆ ಇಬ್ಬರಿಗೂ ಹೆದರಿಕೆಯಾಯಿತು.

ಬ್ಯಾಂಕಿಗೆ ಇಬ್ಬರೂ ಒಟ್ಟಿಗೆ ಹೋದೆವು. ಅಲ್ಲಿದ್ದ ಹೆಂಗಸು ಒಳ್ಳೆಯವಳು, ಕುಡಿಯಲು ನೀರು ಕೊಟ್ಟಳು. ನೀವು ಈ ಹುಡುಗಿಗೆ ಏನಾಗಬೇಕು ಎಂದು ಜರ್ಮನ್‌ನಲ್ಲಿ ಕೇಳಿದಳು. ಬಂಧುವೇ? ಅಲ್ಲ. ಮನೆಯ ಮಾಲೀಕರೇ? ಅಲ್ಲ. ಅವಳಿಗೆ ಕೆಲಸ ಕೊಟ್ಟವರೇ? ಅಲ್ಲ. ಮತ್ತೆ ಯಾಕೆ ತಿಂಗಳು ತಿಂಗಳು ಹಣ ಹಾಕುತ್ತೀರಿ? ಅವಳಪ್ಪ ಅಲ್ಲಿ ನನ್ನ ಅವ್ವನಿಗೆ ಕೊಡುತ್ತಾನೆ, ಅದಕ್ಕೆ. ಅವಳಪ್ಪ ನಿಮ್ಮ ತಾಯಿಗೆ ಯಾಕೆ ಕೊಡುತ್ತಾನೆ? ನಾನು ಇಲ್ಲಿ ಅವಳಿಗೆ ಕೊಡುತ್ತೇನೆ, ಅದಕ್ಕೆ. ಮಾತು ಗಾಣದ ಎತ್ತಿನ ಹಾಗೆ ಸುತ್ತತೊಡಗಿತು. ನನ್ನ ಸಿಟ್ಟು ನೆತ್ತಿಗೇರಿತು. "ಅವರು ನಮ್ಮವರು," ಎಂದೆ, ಜರ್ಮನ್‌ನಲ್ಲೇ, ಸ್ವಲ್ಪ ಜೋರಾಗಿಯೇ.

"ಅದನ್ನು ಬರೆಯಲು ಇಲ್ಲಿ ಜಾಗವಿಲ್ಲ," ಎಂದಳು ಆಕೆ, ಬೇಸರದಿಂದಲೇ. ಸಂಬಂಧ ಎಂದಿದ್ದ ಕಡೆ 'ಇಲ್ಲ' ಎಂದು ಟೈಪ್ ಮಾಡಿದಳು. ನಾನು ಅದನ್ನು ನೋಡಿದೆ.

ನಾವು ಕಳ್ಳರಲ್ಲ ಎಂದು ತೋರಿಸಬೇಕಲ್ಲ. ಪರ್ಸಿನಿಂದ ಖಜಾಂಚಿಯ ರಸೀದಿಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಮೊಹರು, ಸಹಿ, ಎರಡು ಯೂರೋ ಸೇವಾಶುಲ್ಕ. ಹಾಲ್ ಬಾಡಿಗೆ ಎಂದು ಬರೆಯುವ ಬದಲು ನಮ್ಮ ಮೈಸೂರಿನವರು ಗೌರವವಾಗಿ ಸೇವಾಶುಲ್ಕ ಎಂದು ಬರೆದಿದ್ದರು. ಆಕೆ ಬಹಳ ಹೊತ್ತು ನೋಡಿದಳು. "ಇದು ಯಾವ ಕಂಪನಿ?" ಎಂದಳು.

ಆಮೇಲೆ ಆಕೆಯೇ ತಿಳಿಯುವ ಹಾಗೆ ಹೇಳಿದಳು. ಗೆಳೆಯರಿಬ್ಬರು ಒಮ್ಮೆ ದುಡ್ಡು ಅದಲುಬದಲು ಮಾಡಿಕೊಳ್ಳುವುದು ಒಂದು ಮಾತು. ತಿಂಗಳು ತಿಂಗಳು ಜನರನ್ನು ಜೋಡಿಸಿ, ಶುಲ್ಕ ತೆಗೆದುಕೊಂಡು, ರಸೀದಿ ಕೊಟ್ಟರೆ ಅದು ಹಣ ರವಾನೆಯ ವ್ಯಾಪಾರವೇ. ಅದಕ್ಕೆ ಸರ್ಕಾರದ ಲೈಸೆನ್ಸ್ ಬೇಕು, ಇಲ್ಲದೆ ಮಾಡಿದರೆ ಅಪರಾಧ. ಕದ್ದವರ ದುಡ್ಡೂ ಹೀಗೆಯೇ, ಗಡಿ ದಾಟದೆ, ಯಾರದೋ ಅಮ್ಮನ ಕೈಗೆ ಹೋಗುತ್ತದೆ ಎಂದಳು. ನಾನು ರಸೀದಿಗಳನ್ನು ಒಂದೊಂದಾಗಿ ಎತ್ತಿ ಪರ್ಸಿಗೆ ತುಂಬಿಕೊಂಡೆ. ನಮ್ಮ ದೇಶದ ಕಾನೂನಿಗೂ ಇದು ಸರಿಯಲ್ಲ ಎಂದು ಆಮೇಲೆ ತಿಳಿಯಿತು.

ಖಜಾಂಚಿಗೆ ವಿಷಯ ಮುಟ್ಟಿಸಿದೆ. ಬೇರೆ ಯಾರಾದರೂ ಆಗಿದ್ದರೆ ಡಬ್ಬಿಯನ್ನು ಹೂತು ಸುಮ್ಮನಾಗುತ್ತಿದ್ದರು. ಇವರು ಬ್ಯಾಂಕುಗಳ ಮೇಲ್ವಿಚಾರಣೆ ಮಾಡುವ ಸರ್ಕಾರಿ ಕಚೇರಿಗೇ ಕಾಗದ ಬರೆದು, ನಾವು ಹೀಗೆ ಹೀಗೆ ಮಾಡುತ್ತಿದ್ದೇವೆ, ಲೈಸೆನ್ಸಿಗೆ ಅರ್ಜಿ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಕಳ್ಳನೇ ಠಾಣೆಗೆ ಹೋಗಿ ಕಳ್ಳತನಕ್ಕೆ ಅನುಮತಿ ಕೇಳಿದ ಹಾಗಾಯಿತು ಎಂದು ನಾನು ರೇಗಿಸಿದೆ. "ಇರಲಿ ಬಿಡಿ ಮೇಡಂ, ಮುಚ್ಚಿಟ್ಕೊಂಡು ನನಗೆ ನಿದ್ದೆ ಬರಲ್ಲ," ಎಂದರು.

ಮುಂದಿನ ಶನಿವಾರ ಅದೇ ಫ್ಲಾಸ್ಕಿನ ಪಕ್ಕ ನಿಂತು ಅವರು ಲೈಸೆನ್ಸಿನ ಷರತ್ತುಗಳನ್ನು ಕನ್ನಡಕ್ಕೆ ತಂದು ಹೇಳಿದರು. ಮೊದಲು ತೋರಿಸಬೇಕಾದ ಮೂಲಧನ. ಅರ್ಜಿಯನ್ನು ನೋಡುವುದಕ್ಕೇ ಶುಲ್ಕ. ಸಿಕ್ಕಿದ ಮೇಲೆ ಮೇಲ್ವಿಚಾರಣೆಯ ಖರ್ಚಿನಲ್ಲಿ ನಮ್ಮ ಪಾಲು. ಲೆಕ್ಕ ತಪಾಸಣೆ. ಅನುಭವವುಳ್ಳ ನಿರ್ದೇಶಕರು. ಕಪ್ಪುಹಣದ ಮೇಲೆ ಕಣ್ಣಿಡಲು ಒಬ್ಬ ಅಧಿಕಾರಿ. "ನಮ್ ಹತ್ರ ಸದ್ಯಕ್ಕೆ ಏನಿದೆ?" ಎಂದು ಯಾರೋ ಹಿಂದಿನಿಂದ ಕೇಳಿದರು. "ಬಿಸ್ಕೆಟ್ ಡಬ್ಬಿ ಇದೆ," ಎಂದರು ಖಜಾಂಚಿ. ಹಾಲ್ ಪೂರ್ತಿ ನಕ್ಕಿತು, ಅವರೂ ನಕ್ಕರು. ಆಮೇಲೆ ಅವರು ಡಬ್ಬಿಯ ಮುಚ್ಚಳ ಒತ್ತಿ ಅದನ್ನು ಚೀಲದೊಳಗೆ ಹಾಕಿಕೊಂಡರು. ಧಾರವಾಡಕ್ಕೆ ಯಾರಿದ್ದೀರಿ ಎಂದು ಆ ದಿನ ಅವರು ಕೇಳಲಿಲ್ಲ. ಮುಂದೆಂದೂ ಕೇಳಲಿಲ್ಲ. ಕೂಡಲೇ ನಿಲ್ಲಿಸಿ, ನಿಲ್ಲಿಸಿದ್ದೇವೆ ಎಂದು ಬರೆದು ಕೊಡಿ ಎಂದು ಕಚೇರಿಯಿಂದ ಉತ್ತರ ಬಂತು. ಅವರು ಬರೆದು ಕೊಟ್ಟರು, ಅಲ್ಲಿಗೆ ಮುಗಿಯಿತು.

ಹುಡುಗಿಯ ಖಾತೆ ಮಾತ್ರ ಅಷ್ಟು ಸುಲಭಕ್ಕೆ ತೆರೆಯಲಿಲ್ಲ. ಗದಗಿನಿಂದ ಅವಳಪ್ಪನ ಸಂಬಳದ ಪತ್ರ, ಸೊಸೈಟಿಯ ಸಾಲದ ಪತ್ರ ಬರಬೇಕಾಯಿತು. ನಾನು ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿದೆ. ಟೆರ್ಮಿನ್‌ಗೆ ಇನ್ನೇನು ಎರಡು ದಿನ ಎನ್ನುವಾಗ ಬ್ಯಾಂಕಿನ ಆ ಹೆಂಗಸು ತಾನೇ ಫೋನ್ ಮಾಡಿ ಖಾತೆ ತೆರೆದಿದೆ ಎಂದಳು. ವೀಸಾ ಆಯಿತು. ಹುಡುಗಿ ಓದು ಮುಗಿಸಿ ಈಗ ಅಬ್‌ಸ್ಟಾಟ್ ಎಂಬ ಊರಿನಲ್ಲಿ ಕಾರಿನ ಬ್ರೇಕಿನ ಮೇಲೆ ಕೆಲಸ ಮಾಡುತ್ತಾಳೆ, ಸಾಲ ತೀರಿಸಿದ್ದಾಳೆ. ಹಬ್ಬಕ್ಕೆ ಬಂದಾಗ ಬಾಗಿಲಲ್ಲೇ ನಿಂತು ನನ್ನನ್ನು ಪೂರಾ ಹೆಸರು ಹಿಡಿದು ಕೂಗುತ್ತಾಳೆ, ಕಾಡುವುದಕ್ಕೆಂದೇ.

ಆ ಗಲಾಟೆಯ ನಡುವೆಯೇ ಕಂಡಕ್ಟರು ನನಗೆ ಮೊದಲ ಸಲ ಫೋನ್ ಮಾಡಿದ್ದು. ಅಲ್ಲಿಯ ತನಕ ನಮ್ಮ ಮಾತೆಲ್ಲ ಅವ್ವನ ಬಾಯಿಂದಲೇ. "ನಮ್ ಹುಡುಗಿ ನಿಮ್ಮನ್ನ ಗೊತ್ತ ಇಲ್ಲ ಅಂದ್ಲಂತ್ರೀ ಮೇಡಮ್ಮಾರ. ಭಾಳ ತಪ್ಪಾತು. ನಿಮ್ಮ ಹೆಸರರ ಪೂರಾ ಹೇಳ್ರಿ." ಹೇಳಿದೆ. ಅವರು ಒಂದೊಂದೇ ಭಾಗವನ್ನು ನಿಲ್ಲಿಸಿ ನಿಲ್ಲಿಸಿ, ಅಣ್ಣಿಗೇರಿ, ಹುಬ್ಬಳ್ಳಿ, ನವನಗರ ಎಂದು ಕೂಗುವ ಧಾಟಿಯಲ್ಲೇ, ಬಾಯಿಪಾಠ ಮಾಡಿದರು.

ಅದಾದ ಮೇಲೆ ನಾನೂ ಎಲ್ಲರ ಹಾಗೆ ಫೋನಿನ ಆಪ್‌ನಲ್ಲಿ ಕಳಿಸತೊಡಗಿದೆ. ಲೈಸೆನ್ಸ್ ಇರುವ ಕಂಪನಿ, ಪರದೆಯ ಕೆಳಗೆ ಅದನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಅವ್ವನ ಪಾಸ್‌ಬುಕ್ಕಿನ ಧೂಳು ಒರೆಸಲಾಯಿತು. ಶುಲ್ಕ ಕೊಡುತ್ತೇನೆ, ದುಡ್ಡು ಚಹಾ ಕುದಿಯುವುದರೊಳಗೆ ಹೋಗಿ ಮುಟ್ಟುತ್ತದೆ. ನನಗೆ ಯಾವ ದೂರೂ ಇಲ್ಲ. ಆದರೆ ಆಪ್ ಕೈ ತೊಳೆದು ಊಟಕ್ಕೆ ಕೂರುವುದಿಲ್ಲ, ಯಾವ ಬಸ್ಸು ಎಲ್ಲಿ ಕೆಟ್ಟಿತು ಎಂದು ಹೇಳುವುದಿಲ್ಲ. ಇನ್ನು ಮುಂದೆ ಅವ್ವನ ಫೋನು ಮತ್ತೆ ಎರಡೇ ಮಾತಿಗೆ ಇಳಿಯುತ್ತದೆ ಎಂದುಕೊಂಡು ನಾನು ಮನಸ್ಸಿನಲ್ಲೇ ಅತ್ತಿದ್ದೆ.

ಹಾಗಾಗಲಿಲ್ಲ. ಮುಂದಿನ ತಿಂಗಳ ರಜೆಯ ದಿನ ಕಂಡಕ್ಟರು ಬಂದರು. ದುಡ್ಡಿನ ಚೀಲವಿಲ್ಲ, ಬರಿಗೈ. ಉಂಡರು, ಎದ್ದರು, ಊಟದ ದುಡ್ಡನ್ನು ತಾಟಿನ ಪಕ್ಕ ಇಟ್ಟರು. ಈಗ ತಾನು ಬರೀ ಗಿರಾಕಿ ಎಂದುಕೊಂಡಿದ್ದರೋ ಏನೋ. ಅವ್ವ ಒಲೆಯ ಮುಂದಿನಿಂದಲೇ ಗುಡುಗಿದಳಂತೆ, "ರೊಕ್ಕ ತರಾಂವ ಅಂತ ಉಣ್ಣಿಸೀನೇನ ನಿನಗ ಇಷ್ಟ ದಿನ? ತಗೀ ಅದನ್ನ." ಅವರು ತೆಗೆದುಕೊಂಡರು. ಮರುತಿಂಗಳು ಬರುವಾಗ ಮೆಣಸಿನಕಾಯಿಯ ಚೀಲ ಇತ್ತು.

ಈಗ ಅವರು ನಿವೃತ್ತರಾಗಿದ್ದಾರೆ. ವಾರಕ್ಕೆ ನಾಲ್ಕು ದಿನ ಧಾರವಾಡಕ್ಕೆ ಬಂದು ಅವ್ವನ ಗಲ್ಲಾದ ಮೇಲೆ ಕೂರುತ್ತಾರೆ. ಖಾನಾವಳಿಗೆ ಜನ್ಮದಲ್ಲಿ ಮೊದಲ ಸಲ ಲಾಭ ಬರುತ್ತಿದೆ. ಟಿಕೆಟ್ ಇಲ್ಲದವರನ್ನು ಸುಮ್ಮನೆ ಬಿಟ್ಟು ಅವರಿಗೆ ರೂಢಿಯಿಲ್ಲ. ತೀರಾ ಬಡ ಹುಡುಗರು ಬಂದರೆ ಮಾತ್ರ ಕಿಟಕಿಯ ಹೊರಗೆ ನೋಡುತ್ತಾರೆ ಎಂದು ಅವ್ವ ಹೇಳುತ್ತಾಳೆ.

ಹೋದ ತಿಂಗಳು ಅವ್ವನ ಕಣ್ಣಿನ ಪೊರೆ ತೆಗೆಸಬೇಕಾಯಿತು. ಆಸ್ಪತ್ರೆಗೆ ಓಡಾಡುವವರು ಅವರೇ, ಹಾಗಾಗಿ ದುಡ್ಡನ್ನು ಅವರ ಖಾತೆಗೇ ಹಾಕು ಎಂದಳು ಅವ್ವ. ಆಪ್ ತೆರೆದು ಅವರ ಹೆಸರು ಸೇರಿಸಿದೆ. ಹೊಸ ಹೆಸರು ಬಂದ ಕೂಡಲೇ ಅದು ಮುಂದೆ ಹೋಗದೆ ನಿಂತಿತು. ಪಡೆಯುವವರಿಗೂ ನಿಮಗೂ ಏನು ಸಂಬಂಧ? ಸರ್ಕಾರದ ನಿಯಮ, ಕೇಳಲೇಬೇಕು. ಕೆಳಗೆ ಆರಿಸಿಕೊಳ್ಳಲು ಪಟ್ಟಿ: ತಂದೆತಾಯಿ, ಗಂಡಹೆಂಡತಿ, ಮಕ್ಕಳು, ಒಡಹುಟ್ಟಿದವರು, ಸ್ನೇಹಿತರು, ವ್ಯಾಪಾರ, ಇತರೆ. 'ನಮ್ಮವರು' ಈಗಲೂ ಇರಲಿಲ್ಲ.

ಸ್ನೇಹಿತರು ಎಂದು ಒತ್ತಬಹುದಿತ್ತು, ಅದು ಸುಳ್ಳೇನೂ ಆಗುತ್ತಿರಲಿಲ್ಲ. ಬ್ಯಾಂಕಿನಲ್ಲಿ ನನ್ನ ಕಣ್ಣೆದುರೇ 'ಇಲ್ಲ' ಎಂದು ಬಿದ್ದ ಆ ಪದ ನೆನಪಾಯಿತು. ಇಷ್ಟು ವರ್ಷವಾದರೂ ಅದರ ಮೇಲೆ ನನಗೆ ಸಿಟ್ಟಿತ್ತು. 'ಒಡಹುಟ್ಟಿದವರು' ಎಂಬುದನ್ನು ಒತ್ತಿದೆ. ಇದನ್ನು ಯಾರಿಗೂ ಹೇಳಲಿಲ್ಲ, ಅವರಿಗೂ ಹೇಳಲಿಲ್ಲ.

ಮರುದಿನ ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಅವರ ಫೋನು ಬಂತು. ದನಿಯಲ್ಲಿ ಸ್ವಲ್ಪ ಅಳುಕಿತ್ತು.

"ರೊಕ್ಕ ಬಂತ್ರೀ. ಅಷ್ಟೊತ್ತು ಬ್ಯಾಂಕಿನವ್ರು ಹಿಡಿದ ಇಟ್ಟಿದ್ರು. ಹೊರದೇಶದ್ದು, ಕಳಿಸಿದವ್ರ ಹೆಸರ ಹೇಳ್ರಿ ಅಂದ್ರು. ಪೂರಾ ಹೇಳಿದೆ, ಒಂದಕ್ಷರ ಬಿಡಲಿಲ್ಲ."

"ಮತ್ತೇನ್ ಕೇಳಿದ್ರು?"

"ಅವ್ರು ನಿಮಗೇನಾಗಬೇಕು ಅಂದ್ರು. ನನ್ನ ತಂಗಿ ಅಂದ್ಬಿಟ್ಟೆ. ನಿಮ್ಮನ್ನ ಕೇಳಲಾರದ ಹೇಳೀನಿ. ಸರ್ಕಾರದ ಮುಂದ ಸುಳ್ಳ ಹೇಳಿದಂಗಾತೇನ್ರೀ?"

ನಾನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೆ. ಪಕ್ಕದ ಮೇಜಿನವನು ತಲೆಯೆತ್ತಿ ನೋಡಿದ.

"ಇಲ್ಲೋ ಅಣ್ಣಾ," ಎಂದೆ. "ನಾನೂ ಅದನ್ನ ಬರದೇನಿ."